ನೋಡಿದವರು ಮುನೀರೋದ್ದೀನ

ಹಾವಗೆಪ್ಪ, ಸತ್ತ ಅಣ್ಣ ಶಿವರಾಜಪ್ಪನ ಹಿಮ್ಮಡಿಗೆ ದಾರದ ತುದಿ ಒತ್ತಿ ಹಿಡಿದು, ಹೆಬ್ಬೆರಳಿನ ತನಕ ಎಳೆದು ಒಂದು ಗಂಟು ಹಾಕಿದ. ಅಂಥ ಒಂಬತ್ತು ಗಂಟು ಬೇಕು. ಹೆಣವನ್ನು ಕೂರಿಸಿ ಮಣ್ಣು ಕೊಡುವ ಮಂದಿ ಅವರು. ಕುಣಿಯ ಆಳವನ್ನು ಸತ್ತವನ ಪಾದದಿಂದಲೇ ಅಳೆಯಬೇಕು. ಶಿವರಾಜಪ್ಪ ಮಾಸ್ತರರು ಗೋಡೆಗೆ ಒರಗಿ, ಹಣೆತುಂಬ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ಭಾತಂಬ್ರಾದ ಜನ ಅವರನ್ನು ಇಷ್ಟು ವರ್ಷ ಕಂಡದ್ದೂ ಹೀಗೆಯೇ, ಮೂಡಣಕ್ಕೆ ಮುಖ ಮಾಡಿ ಕೂತದ್ದು.

"ಸೂರ್ಯನ್ನ ನೋಡಿ ನೋಡೇ ಸವದ್ರು, ಪಾಪ," ಎಂದಳು ನೆರೆಮನೆಯ ಅನುಸೂಯಾಬಾಯಿ. "ಬಲಗಣ್ಣು ಪೂರಾ ಮಬ್ಬಾಗಿತ್ತಂತ."

ಹಾವಗೆಪ್ಪ ದಾರ ಸುತ್ತುತ್ತ ಅತ್ತಿಗೆ ಗುರಮ್ಮನ ಕಡೆ ತಿರುಗಿದ. "ವೈನಿ, ಕುಣಿ ಹಿತ್ತಲ ಕಣದಾಗ ತೋಡಸ್ತೀನಿ. ಅಣ್ಣ ದಿನಾ ಚಾಪಿ ಹಾಕ್ಕೊಂಡು ಕೂಡ್ತಿದ್ದನಲ್ಲ, ಅದೇ ಜಾಗಾದಾಗ."

ಗುರಮ್ಮ ತಟ್ಟನೆ ತಲೆ ಎತ್ತಿದಳು. "ಅಲ್ಲಿ ಬ್ಯಾಡ."

"ಯಾಕ?"

"ಹೊಲದಾಗ ತೋಡಸು. ಬೇವಿನ ಗಿಡದ ಬುಡಕ ತಂಪದ."

"ಸತ್ತವ್ರಿಗಿ ತಂಪು ತಗೊಂಡು ಏನ್ ಮಾಡೂದದ, ವೈನಿ? ಹೋದ ತಿಂಗಳ ಔರಾದಿಗಿ ನಮ್ಮ ಮನಿಗಿ ಬಂದಾಗ ಅವನೇ ಹೇಳ್ಯಾನ. ನನ್ನ ಕಣದಾಗೇ ಇಡು, ನೌಬಾದಿನ ಕುತುಬೋದ್ದೀನ ಸಾಬ್ರಿಗಿ ಮರೀದ ಹೇಳಿ ಕಳಸು, ಅವರು ಬಂದ ಮ್ಯಾಲೇ ಮಣ್ಣು ಕೊಡು ಅಂದಿದ್ದ. ಕಳಸೀನಿ. ಮುಂಜಾನಿ ಗಾಡಿಗಿ ಬರ್ತಾರ."

ಗುರಮ್ಮ ಗಂಡನ ಮುಖ ನೋಡಿದಳು. ಏಳೂವರೆ ವರ್ಷ ಬಾಯಿ ಬಿಡದೆ ಇದ್ದು, ಹೇಳುವ ಕೆಲಸವನ್ನು ಈಗ ಗುದ್ದಲಿಗೆ ಒಪ್ಪಿಸಿ ಕೂತಿದ್ದರು. ಹೆಣದ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ. ಅವಳಿಗೆ ಸಿಟ್ಟು ಬಂತು.

ಹಿತ್ತಲಿನಲ್ಲಿ ಮೊದಲ ಗುದ್ದಲಿ ಬಿದ್ದ ಸದ್ದು ಕೇಳಿಸಿತು.

*

ಹತ್ತು ವರ್ಷದ ಹಿಂದೆ ಮುನೀರೋದ್ದೀನ ಭಾಲ್ಕಿಯ ಸಾಲಿಯಲ್ಲಿ ಸಾಯನ್ಸ್ ಕಲಿಸುತ್ತಿದ್ದರು, ಶಿವರಾಜಪ್ಪ ಚಿತ್ರ ಬರೆಯುವುದನ್ನು. ಮುನೀರೋದ್ದೀನರ ಬಳಿ ಒಬ್ಬ ಇಂಗ್ಲಿಷ್ ದೊರೆ ಬಿಟ್ಟುಹೋದ ಹಳೆಯ ದುರ್ಬೀನು ಇತ್ತು. ಅದರ ತುದಿಗೆ ಗಾಜಿನ ಪಟ್ಟಕವಿದ್ದ ಹಿತ್ತಾಳೆಯ ಡಬ್ಬಿ. ಅದು ಬಿಸಿಲನ್ನು ಬಣ್ಣಬಣ್ಣವಾಗಿ ಸೀಳಿ ಬರೀ ಒಂದು ಕೆಂಪನ್ನು ಕಣ್ಣಿಗೆ ಬಿಡುತ್ತಿತ್ತು. ಆ ಕೆಂಪಿನಲ್ಲಿ ಸೂರ್ಯನ ಅಂಚನ್ನು ಹಿಡಿದರೆ ಅಲ್ಲಿ ಎದ್ದ ಉರಿ ಕಾಣುತ್ತದೆ. ಕೆಲವು ಉರಿ ಬೇಲಿಯ ಹಾಗೆ ದಿನಗಟ್ಟಲೆ ನಿಲ್ಲುತ್ತಿದ್ದವು. ಕೆಲವು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಭೂಮಿಯ ಹತ್ತರಷ್ಟು ಎತ್ತರ ಜಿಗಿದು ಹರಿದುಹೋಗುತ್ತಿದ್ದವು.

ಊರಂಚಿನ ಕಣದಲ್ಲಿ ಸೂರ್ಯನಿಗೆ ಅಡ್ಡ ಏನೂ ಇಲ್ಲವೆಂದು ದುರ್ಬೀನನ್ನು ಭಾತಂಬ್ರಾದ ಶಿವರಾಜಪ್ಪನವರ ಹಿತ್ತಲಿಗೇ ತಂದು ನಿಲ್ಲಿಸಿದರು. ಈ ಕೆಲಸ ಒಬ್ಬನಿಂದ ಆಗುವುದಲ್ಲ. ದುರ್ಬೀನಿನಿಂದ ತೆಗೆದ ಕಣ್ಣಿಗೆ ಸ್ವಲ್ಪ ಹೊತ್ತು ಕಾಗದವೇ ಕಾಣದು. ಅಷ್ಟರಲ್ಲಿ ಅಲ್ಲಿಯ ಉರಿ ಆಕಾರ ಬದಲಿಸಿರುತ್ತದೆ. ಅದಕ್ಕೆ ಒಬ್ಬರು ಕಣ್ಣು ಕೀಳದೆ ಕೂಗಬೇಕು, ಇನ್ನೊಬ್ಬರು ತಲೆ ಎತ್ತದೆ ಬರೆಯಬೇಕು.

"ಮೂಡಣ ಅಂಚು, ಮಾಸ್ತರ್ರ. ಎಡಕ್ಕ ಬಾಗ್ಯಾದ, ಆನಿ ಸೊಂಡಿ ಇದ್ದಂಗ. ಏರ್ಲಿಕತ್ತದ, ಏರ್ಲಿಕತ್ತದ!"

"ಎಷ್ಟು ಏರ್ತ್ರಿ, ಸಾಹೇಬ್ರ?"

"ಬಶಿ ಅಂಚು ದಾಟಿ ಒಂದು ಬೆರಳು!"

ಚಹಾದ ಬಶಿ ಬೋರಲು ಹಾಕಿಯೇ ಸೂರ್ಯನ ಸುತ್ತು ಬರೆಯುತ್ತಿದ್ದುದು. ಉರಿಗೆ ಬೇಕಾದ ಕೆಂಪು ಭಾಲ್ಕಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ಗುರಮ್ಮ ತನ್ನ ಕುಂಕುಮದ ಭರಣಿಯನ್ನೇ ತಂದಿಟ್ಟಳು. "ನಮ್ಮ ವೈನಿ ಹಣಿ ಮ್ಯಾಲಿಂದು ಸೂರ್ಯಗ ಹಚ್ಚಿದ್ವಿ ನೋಡ್ರಿ," ಎಂದು ಮುನೀರೋದ್ದೀನ ನಕ್ಕಿದ್ದರು. ಪ್ರತಿ ಹಾಳೆಯ ಕೆಳಗೆ ತಾರೀಖು, ಆಮೇಲೆ ಎರಡು ಸಾಲು: ನೋಡಿದವರು ಮುನೀರೋದ್ದೀನ. ಬರೆದವರು ಶಿವರಾಜಪ್ಪ.

ನಲವತ್ತೆಂಟರ ಬೇಸಿಗೆಯಲ್ಲಿ ರಜಾಕಾರರು ಊರಿಗೆ ಬಂದಾಗ ಇದೇ ಮುನೀರೋದ್ದೀನ ಈ ಮನೆಯ ಹೊಸ್ತಿಲಿಗೆ ಅಡ್ಡ ನಿಂತಿದ್ದರು. ನನ್ನನ್ನು ದಾಟಿ ಹೋಗಿ ಎಂದಿದ್ದರು. ಅವರು ದಾಟಲಿಲ್ಲ.

*

ಕುತುಬೋದ್ದೀನ ಬಂದಾಗ ಬಿಸಿಲು ಏರಿತ್ತು. ಮುನೀರೋದ್ದೀನರ ಅಣ್ಣ, ನೌಬಾದಿನಲ್ಲಿ ಮನೆ, ಎಪ್ಪತ್ತರ ಹತ್ತಿರದ ವಯಸ್ಸು. ವರ್ಷಕ್ಕೊಮ್ಮೆ ಬಂದು, ಕಾಣೆಯಾದ ತಮ್ಮನ ಬಗ್ಗೆ ಒಂದೇ ಮಾತು ಕೇಳುತ್ತಿದ್ದರು, ಏನರೆ ಸುದ್ದಿ ತಿಳೀತೇನ್ರಿ ಎಂದು. ಶಿವರಾಜಪ್ಪ ತಲೆ ಅಲ್ಲಾಡಿಸುತ್ತಿದ್ದರು. ಅವರು ಚಹಾ ಕುಡಿದು ಹೊರಡುತ್ತಿದ್ದರು.

ಇವತ್ತು ಹೆಣದ ಪಾದ ಮುಟ್ಟಿ, ಗುರಮ್ಮನ ಎದುರಿಗೆ ಕೂತರು. ಜಗಲಿಯ ಮೇಲೆ ಗಂಡಸರು ಹೈದರಾಬಾದ ಸ್ಟೇಟ್ ಒಡೆಯುತ್ತದಂತೆ, ಬೀದರ ಮೈಸೂರಿಗೆ ಹೋಗುತ್ತದಂತೆ ಎಂದು ಮಾತಾಡುತ್ತಿದ್ದರು.

"ನಮ್ಮ ಮನ್ಯಾಗಿಂದಾಕಿ ಇನ್ನೂ ಬಳಿ ತೆಗ್ದಿಲ್ಲ, ತಂಗಿ," ಎಂದರು ಕುತುಬೋದ್ದೀನ. ಮುನೀರೋದ್ದೀನರ ಹೆಂಡತಿಯ ಮಾತು. "ಕರಾಚಿಗಿ ಹೋಗ್ಯಾನ ಅಂತ ಯಾರೋ ತಲ್ಯಾಗ ತುಂಬ್ಯಾರ. ಟಪಾಲಿನವ ಬಂದ್ರ ಸಾಕು, ಬಾಗಲಕ್ಕ ಓಡ್ತಾಳ."

ಗುರಮ್ಮ ಹಿತ್ತಲ ಬಾಗಿಲ ಕಡೆ ನೋಡಿದಳು. ಗುದ್ದಲಿ ಬೀಳುತ್ತಲೇ ಇತ್ತು.

ಮೂಲೆಯಲ್ಲಿ ಹಾಳೆಗಳ ದೊಡ್ಡ ಕಟ್ಟಿತ್ತು. ಸುಮ್ಮನೆ ಕೂರಲಾಗದೆ ಕುತುಬೋದ್ದೀನ ಮೇಲಿನದನ್ನು ಎಳೆದು ನೋಡಿದರು. ಬಶಿಯಷ್ಟು ಸುತ್ತು, ಬಲಕ್ಕೆ ಕುಂಕುಮದ ಬಳುಕುವ ಉರಿ. ಕೆಳಗಿನ ಅಕ್ಷರ ಓದಿದರು. ಇನ್ನೊಂದು ಎಳೆದರು, ಮತ್ತೊಂದು. ಇಡೀ ಕಟ್ಟನ್ನೇ ಮಡಿಲಿಗೆ ಎಳೆದುಕೊಂಡರು.

"ಇದು ಹೋದ ವಾರದ ತಾರೀಖು," ಎಂದರು. "ನೋಡಿದವರು ಮುನೀರೋದ್ದೀನ ಅಂತ ಬರದದ. ಇದೂ ಹಂಗೇ. ಇದೂ." ಅವರ ಮುಖ ಎಳೆಯ ಹುಡುಗನ ಮುಖದಂತೆ ಅರಳಿತು. "ತಂಗಿ, ನಮ್ಮ ಮುನೀರ ಇದ್ದಾನೇನು? ಇಲ್ಲಿಗಿ ಬರ್ತಾನೇನು? ಹೇಳು ತಂಗಿ, ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ಗುರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಸ್ತರರು ಈ ಏಳೂವರೆ ವರ್ಷ ಒಬ್ಬರೇ ನೋಡಿ, ಮಬ್ಬುಗಣ್ಣಿನಲ್ಲೇ ಬರೆದು, ನೋಡಿದವರ ಹೆಸರು ಮಾತ್ರ ಬದಲಿಸಿರಲಿಲ್ಲ. ಬರೆಯುವಾಗ "ಮುಂದ ಹೇಳ್ರಿ, ಸಾಹೇಬ್ರ" ಎಂದು ಅವರು ನೆಲಕ್ಕೆ ಹೇಳುವುದನ್ನು ಅವಳು ಅಡುಗೆಮನೆಯಿಂದ ಕೇಳಿದ್ದಳು. ಎಷ್ಟೋ ದಿನ ನೆಲ ಉತ್ತರ ಕೊಟ್ಟದ್ದನ್ನೂ ಕೇಳಿದ್ದಳು. ಅದನ್ನು ಗಂಡನಿಗೂ ಹೇಳಿರಲಿಲ್ಲ.

*

ಪೊಲೀಸ್ ಆ್ಯಕ್ಷನ್ನಿನ ಮರುವಾರ. ಅದೇ ನಲವತ್ತೆಂಟರಲ್ಲಿ ಭಾರತದ ಫೌಜು ಬಂದಿದ್ದೇ ರಜಾಕಾರರು ಓಡಿಹೋಗಿದ್ದರು. ಈಗ ಬೇರೆ ಗುಂಪುಗಳು ಮುಸಲ್ಮಾನರ ಮನೆ ಹುಡುಕುತ್ತಿದ್ದವು. ಮುಂಜಾನೆಯೇ ಬಂದ ಮುನೀರೋದ್ದೀನ ಹೆದರಿಕೆ ಮರೆಯಲೆಂದೋ ಏನೋ ದುರ್ಬೀನಿಗೆ ಕಣ್ಣಿಟ್ಟಿದ್ದರು. "ಇವತ್ತಿಂದು ದೊಡ್ಡದದ, ಮಾಸ್ತರ್ರ, ಬಿಡಬ್ಯಾಡ್ರಿ, ಬರೀರಿ" ಎನ್ನುವಷ್ಟರಲ್ಲಿ ದಾರಿಯಲ್ಲಿ ಗದ್ದಲ ಕೇಳಿಸಿತು.

ಕಣದಲ್ಲಿ ಜೋಳ ತುಂಬುವ ಹಗೇವು ಇತ್ತು, ಆಳುದ್ದದ ನೆಲಗುಂಡಿ. ಅದರ ಬಾಯಿಗಲ್ಲನ್ನು ಅಂದೇ ತೆಗೆದಿದ್ದರು, ತಳದಲ್ಲಿ ಇನ್ನೂ ಜೋಳವಿತ್ತು. ಹಗೇವು ತೆಗೆದರೆ ಒಂದು ದಿನ ಗಾಳಿಗೆ ಬಿಡಬೇಕು, ದೀಪ ಇಳಿಸಿ ನೋಡಬೇಕು, ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಮನುಷ್ಯ ಇಳಿಯಬಾರದು. ಊರಿನ ಕೂಸಿಗೂ ಇದು ಗೊತ್ತು. ಆದರೆ ದೀಪ ಹಚ್ಚಲು ಹೊತ್ತೆಲ್ಲಿತ್ತು? ಸಾಹೇಬರನ್ನು ಇಳಿಸಿ, ಕಲ್ಲು ಎಳೆದು, ಗುರಮ್ಮ ಅದರ ಮೇಲೆ ಮೊರ ಹಿಡಿದು ಕೂತಳು. ಶಿವರಾಜಪ್ಪ ಗುಂಪನ್ನು ಮಾತಿನಲ್ಲಿ ಹಿಡಿಯಲು ಮುಂಬಾಗಿಲಿಗೆ ಹೋದರು.

ಆದರೂ ನಾಲ್ವರು ಹಿತ್ತಲಿಗೆ ಬಂದರು. ಕೊಡಲಿ ಕೆಳಗಿಟ್ಟು ಮಜ್ಜಿಗೆ ಕೇಳಿದರು. "ಅಲ್ಲೇ ಗಡಿಗ್ಯಾಗದ, ತಗೊಳ್ರಿ" ಎಂದಳು, ಕೂತಲ್ಲಿಂದಲೇ. ಅವರು ನೆರಳಲ್ಲಿ ಕೂತು ಕುಡಿದರು.

ಆಗ ಅವಳ ಕೆಳಗಿನ ಕಲ್ಲನ್ನು ಒಳಗಿಂದ ಬಡಿದ ಸದ್ದಾಯಿತು. ಮೂರು ಸಲ, ಮೆಲ್ಲಗೆ, ನೆರೆಮನೆಯವರು ಸಂಕೋಚದಿಂದ ಕದ ತಟ್ಟಿದ ಹಾಗೆ. ಅವಳು ಜೋರಾಗಿ ಮೊರ ಬಡಿದು ಜೋಳ ಕೇರತೊಡಗಿದಳು. ಒಬ್ಬ ಇನ್ನೊಂದು ಚರಿಗೆ ಮಜ್ಜಿಗೆ ಬಗ್ಗಿಸಿಕೊಂಡ.

ಅವರು ಹೋದ ಮೇಲೆ ಗಂಡಹೆಂಡತಿ ಕಲ್ಲು ಸರಿಸಿದರು. ಮುನೀರೋದ್ದೀನ ಗೋಡೆಗೆ ಒರಗಿ ಕೂತಿದ್ದರು. ಉಸಿರಿರಲಿಲ್ಲ. ಶಿವರಾಜಪ್ಪ ಒಳಗಿಳಿಯಲು ಹೋಗಿ ತಲೆ ತಿರುಗಿ ಮೇಲೆ ಬಂದರು. ಸಂಜೆ ಗಾಳಿಯಾಡಿದ ಮೇಲೆ ಇಳಿದು, ಅವರ ಮುಖವನ್ನು ಮೂಡಣಕ್ಕೆ ತಿರುಗಿಸಿ, ಎಡ ಅಂಗೈಯಲ್ಲಿ ದುರ್ಬೀನಿನ ಎರಡು ಕಣ್ಣಿನ ಗಾಜುಗಳಲ್ಲಿ ಒಂದನ್ನಿಟ್ಟರು. ಸತ್ತವರಿಗೆ ಮಾಡಲು ಅವರಿಗೆ ಗೊತ್ತಿದ್ದ ಮರ್ಯಾದೆ ಅದೊಂದೇ. ಕಲ್ಲು ಮುಚ್ಚಿ ಮೇಲೆ ಮೊಳದಷ್ಟು ಮಣ್ಣು ಹಾಕಿದರು.

*

ಹಿತ್ತಲಿನ ಸದ್ದು ಬದಲಾಯಿತು. ಗುದ್ದಲಿ ಕಲ್ಲಿಗೆ ತಾಗಿತು. ಠಕ್. ತೋಡುವವನು ಜಾಗ ಬದಲಿಸಿ ಹೊಡೆದ. ಠಕ್. ಮತ್ತೆ ಹೊಡೆದ. ಠಕ್.

"ಎದ್ದೆ ಸಾಹೇಬ್ರ, ಎದ್ದೆ!" ಎಂದು ಗುರಮ್ಮ ಕಿರುಚಿ ಎದ್ದಳು.

ಹೆಂಗಸರು ಹಿಡಿಯಲು ಬಂದರು. ಕುಣಿಯ ಬಳಿ ಹೆಂಡತಿ ಹೋಗಬಾರದು. ಕೊಸರಿಕೊಂಡು ಕಣಕ್ಕೆ ಓಡಿದಳು, ಹಿಂದೆ ಹಾಳೆ ಹಿಡಿದುಕೊಂಡೇ ಕುತುಬೋದ್ದೀನ. ಗುದ್ದಲಿಯವನು ದೂರ ಸರಿದ. ಮಣ್ಣಿನಲ್ಲಿ ಬಿಳಿ ಗೀರು ಬಿದ್ದ ಚಪ್ಪಟೆ ಕಲ್ಲು ಕಾಣುತ್ತಿತ್ತು.

"ಇಲ್ಲೇ ಇದ್ದಾರ್ರಿ," ಎಂದಳು. "ಎಲ್ಲಿಗೂ ಹೋಗಿಲ್ಲ. ನಾವೇ ಇಳಸಿದ್ವಿ, ಉಳಸಬೇಕಂತ. ದೀಪ ಇಳಸಿ ನೋಡಲಿಲ್ಲ." ಎಲ್ಲವನ್ನೂ ಹೇಳಿದಳು. ಗಂಡನಿಗೆ ಹೇಳದ್ದನ್ನೂ ಹೇಳಿದಳು. "ಬಡದ್ರು ಸಾಬ್ರ, ಒಳಗಿಂದ. ನನಗ ಗೊತ್ತಾತು. ನಾ ಏಳಲಿಲ್ಲ."

ಹಾವಗೆಪ್ಪನ ಕೈಯ ದಾರ ಕೆಳಗೆ ಬಿತ್ತು.

"ಮುಖ ಎತ್ತ ಮಾಡಿಟ್ರಿ?" ಎಂದು ಕುತುಬೋದ್ದೀನ ಕೇಳಿದರು.

"ಮೂಡಲಕ್ಕ. ನಮ್ಮವರಿಗಿ ಮಾಡಿದಂಗ. ನಿಮ್ಮಲ್ಲಿ ಹಂಗಿಲ್ಲಲ್ರಿ, ತಪ್ಪಾತು."

"ಅವ ಇದ್ದಾಗೂ ಅತ್ತ ಕಡಿನೇ ನೋಡಾಂವ," ಎಂದರು. ಹಾವಗೆಪ್ಪನಿಗೆ ಕೈಯಿಂದಲೇ ತೋರಿಸಿದರು, ಮಾಸ್ತರರ ಕುಣಿ ಇಲ್ಲೇ ಮಗ್ಗುಲಿಗೆ ತೋಡಿ ಎಂದು. ಆಮೇಲೆ ಗುರಮ್ಮನ ಕೈಯ ಹಸಿರು ಬಳೆಗಳನ್ನು ನೋಡಿದರು. "ಮನ್ಯಾಗ ಆಕಿಗಿ ನಾ ಹ್ಯಾಂಗ ಹೇಳ್ಲಿ, ತಂಗಿ?"

"ನೀವು ಹೇಳಬ್ಯಾಡ್ರಿ. ಮಣ್ಣಾದ ಮ್ಯಾಲ ನಾ ಬರ್ತೇನಿ ನೌಬಾದಕ್ಕ. ನಾನೇ ಹೇಳ್ತೇನಿ."

ಕುತುಬೋದ್ದೀನ ಮಂಡಿಯೂರಿದರು. ಅಂಗೈಯಿಂದ ಮಣ್ಣು ಒರೆಸಿದರು. ಬೆರಳ ಗೆಣ್ಣಿನಿಂದ ಕಲ್ಲನ್ನು ಮೆಲ್ಲಗೆ ಮೂರು ಸಲ ತಟ್ಟಿ, ಬಾಗಿ, ಅದಕ್ಕೆ ಕಿವಿ ಹಚ್ಚಿದರು.

ಬಿಸಿಲು ನೆತ್ತಿಗೆ ಬಂದಿತ್ತು. ಅನುಸೂಯಾಬಾಯಿ ಓಡಿಬಂದು ಗುರಮ್ಮನ ರಟ್ಟೆ ಹಿಡಿದು, "ಕೂಡು ಯವ್ವಾ, ಬೀಳ್ತಿ, ಕೂಡು" ಎಂದಳು.

ಗುರಮ್ಮ ಕೂಡಲಿಲ್ಲ.