ಗಡಿಯ ಮೇಲಿನ ಮನೆ

ಊರಿನ ಚರ್ಚಿಗೆ ಗಂಟೆ ಬರುತ್ತದೆಂಬ ಸುದ್ದಿ ಸಿಕ್ಕ ದಿನದಿಂದ ಅಸ್ಲಾಕ್‌ಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ನಾರ್ವೆ ಬಿಟ್ಟು ಅಮೆರಿಕಕ್ಕೆ ಬಂದಾಗಿನಿಂದ ಇದು ಅವನ ಹಳೆಯ ಕಾಯಿಲೆ. ವಿಸ್ಕಾನ್ಸಿನ್ನಿನಲ್ಲಿ ಕಾಡು ಕಡಿದ, ಹೊಲ ಮಾಡಿದ, ಚರ್ಚಿಗೆ ತಾನೇ ತೊಲೆ ಹೊತ್ತ; ಗಂಟೆ ತೂಗುಹಾಕಿದ ವರ್ಷ ಗಾಡಿ ಕಟ್ಟಿದ. ಮಿನೆಸೋಟದಲ್ಲೂ ಅದೇ ಕಥೆ. ಈಗ ಡಕೋಟ. ಗಂಟೆ ಬಾರಿಸಿ ಕರೆಯುವಷ್ಟು ಜನ ಸುತ್ತ ಸೇರಿದರೆಂದರೆ ಅವನ ಮಟ್ಟಿಗೆ ಆ ಊರು ಮುಗಿದಂತೆ.

ಮಗಳು ಬೋರ್ಗಿಲ್ ಇದರ ಲೆಕ್ಕವನ್ನು ಬೇರೆ ರೀತಿಯಲ್ಲಿ ಇಟ್ಟಿದ್ದಳು. ಹೋದಲ್ಲೆಲ್ಲ ಶಾಲೆಯವರು ಅವಳನ್ನು ಒಂದನೇ ಪುಸ್ತಕಕ್ಕೇ ಕೂರಿಸಿದ್ದರು. ಅದರಲ್ಲಿದ್ದ ನರಿಯ ಪಾಠ ಅವಳಿಗೆ ಬಾಯಿಪಾಠ. ಎರಡನೇ ಪುಸ್ತಕದಲ್ಲಿ ಏನಿತ್ತೆಂಬುದು ಇವತ್ತಿಗೂ ಗೊತ್ತಿಲ್ಲ.

ಡಕೋಟಕ್ಕೆ ಬಂದಾಗ ಅವಳಿಗೆ ಇಪ್ಪತ್ತೊಂದು ತುಂಬಿತ್ತು, ಮದುವೆಯಾಗಿರಲಿಲ್ಲ. ಹಾಗಾಗಿ ಸರ್ಕಾರದ ಜಮೀನನ್ನು ಅವಳೂ ತನ್ನ ಹೆಸರಿಗೆ ಬರೆಸಿಕೊಳ್ಳಬಹುದಿತ್ತು. ಅಸ್ಲಾಕ್ ತನ್ನ ತುಂಡಿನ ಪಕ್ಕದ ತುಂಡನ್ನು ಅವಳ ಹೆಸರಿಗೆ ಹಿಡಿಸಿದ. ತಂತಮ್ಮ ತುಂಡಿನಲ್ಲೇ ಐದು ವರ್ಷ ವಾಸವಿದ್ದು ಉಳಬೇಕು, ಆಮೇಲೇ ಹಕ್ಕುಪತ್ರ ಎಂಬುದು ಕಾನೂನು. ಎರಡು ಮನೆ ಕಟ್ಟುವ ಶಕ್ತಿ ಯಾರಿಗಿತ್ತು? ಎರಡು ತುಂಡುಗಳ ಗಡಿಯ ಮೇಲೇ, ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿದ ಒಂದು ಮನೆ ಎದ್ದಿತು. ಬೋರ್ಗಿಲ್‌ಳ ಮಂಚ, ಒಲೆ, ಹೊರಗಿನ ಸಿಹಿನೀರಿನ ಬಾವಿ ಅವಳ ಕಡೆ. ಅಪ್ಪ ಅಮ್ಮನ ಮಂಚ, ಊಟದ ಮೇಜು ಅಪ್ಪನ ಕಡೆ.

"ನಿಮ್ಮನೇಲಿ ಗಂಜಿ ಮಗಳ ಜಮೀನಲ್ಲಿ ಬೇಯುತ್ತೆ, ಅಪ್ಪನ ಜಮೀನಲ್ಲಿ ಖರ್ಚಾಗುತ್ತೆ," ಎಂದು ನೆರೆಯ ಎಂಡ್ರೆ ನಗಾಡುತ್ತಿದ್ದ. ಊಟಕ್ಕೆ ಕರೆಯದಿದ್ದರೂ ಬಂದು ಕೂರುವ ಬ್ರಹ್ಮಚಾರಿ. ಎರಡೂ ಜಮೀನುಗಳ ಖರ್ಚು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಐದು ವರ್ಷ ಮುಗಿಯಿತು. ಹಕ್ಕುಪತ್ರಕ್ಕೆ ಸಾಕ್ಷಿ ಹೇಳುವ ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ ಅಸ್ಲಾಕ್ ಪೇಟೆಯಿಂದ ಶಿಳ್ಳೆ ಹಾಕುತ್ತಾ ಬಂದ.

"ಐಯೋವಾದ ಪೆಟ್ಟಿಬೋನ್ ಅಂತ ಒಬ್ಬ ಸಿಕ್ಕಿದ್ದ. ಕೈ ಕುಲುಕಿಬಿಟ್ಟೆ. ಪತ್ರ ಬಂದ ತಕ್ಷಣ ಎರಡೂ ತುಂಡು ಅವನಿಗೆ. ಮೊಂಟಾನಾದಲ್ಲಿ ಹುಲ್ಲು ಕುದುರೆ ಹೊಟ್ಟೆ ಮುಟ್ಟುತ್ತಂತೆ."

"ಎರಡೂನಾ?" ಎಂದಳು ಬೋರ್ಗಿಲ್.

"ಒಂದು ತಗೊಂಡು ಅವನೇನು ಮಾಡ್ತಾನೆ? ಬಾವಿ ನಿನ್ನ ಕಡೆ ಇದೆಯಲ್ಲ."

"ನನ್ನನ್ನ ಕೇಳ್ಲಿಲ್ಲ, ಅಪ್ಪ."

"ಈಗ ಹೇಳ್ತಾ ಇದೀನಲ್ಲ!"

ಅಮ್ಮ ಗುರೋ ತಟ್ಟೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ಆದರೆ ಒಂದೇ ತಟ್ಟೆಯನ್ನು ಬಹಳ ಹೊತ್ತು ತೊಳೆದಳು. ಬೋರ್ಗಿಲ್ ಹೊರಗೆ ಹೋಗಿ ತನ್ನ ಗೋದಿಯ ಬದುವಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು, ಮತ್ತೆ ನಡೆದಳು. ಈ ನೆಲದ ಹುಲ್ಲುಬೇರನ್ನು ಮೊದಲು ಸೀಳಿದ್ದು ಅವಳ ನೇಗಿಲು. ಇದನ್ನೂ ಬಿಟ್ಟು ಹೋದರೆ ಮುಂದೆ ಇನ್ನೊಂದು ಊರು, ಇನ್ನೊಂದು ಗಂಟೆ, ಮತ್ತೆ ಗಾಡಿ. ಒಂದೆಡೆ ನಿಲ್ಲದ ಈ ನಡಿಗೆ ತನಗೂ ಅಪ್ಪನಿಂದಲೇ ಬಂದದ್ದೆಂದು ಹೊಳೆದಾಗ ಸಿಟ್ಟಿನಿಂದ ನಿಂತುಬಿಟ್ಟಳು.

ಸಾಕ್ಷಿಯ ದಿನ ಎಲ್ಲರೂ ಎತ್ತಿನ ಗಾಡಿಯಲ್ಲಿ ಪೇಟೆಗೆ ಹೋದರು. ಗುರೋ ಗಾಡಿಯಲ್ಲೇ ಉಳಿದಳು. ಸಾಕ್ಷಿಗಳಾಗಿ ಎಂಡ್ರೆ ಮತ್ತು ಅವನ ತಮ್ಮ ಬಂದಿದ್ದರು. ಜಮೀನು ಕಚೇರಿಯ ಗುಮಾಸ್ತ ಮೂಗಿನ ಮೇಲೆ ಕನ್ನಡಕ ಇಳಿಬಿಟ್ಟುಕೊಂಡ, ಜಗತ್ತಿನ ಎಲ್ಲ ಉತ್ತರಗಳನ್ನೂ ಆಗಲೇ ಕೇಳಿ ಮುಗಿಸಿದಂತಿದ್ದ ಮನುಷ್ಯ. ಮೊದಲ ಸರದಿ ಬೋರ್ಗಿಲ್‌ಳದು. ಅವಳು ಬೈಬಲ್ ಮೇಲೆ ಕೈಯಿಟ್ಟಳು.

ವಾಸ, ಬೆಳೆ, ಬಾವಿ ಎಲ್ಲ ಮುಗಿಯಿತು. ಗುಮಾಸ್ತ ತಲೆಯೆತ್ತದೆ ಕೇಳಿದ: "ಈ ಜಮೀನನ್ನ ಯಾರಿಗಾದ್ರೂ ಮಾರಿದೀರಾ? ಮಾರ್ತೀನಿ ಅಂತ ಮಾತು ಕೊಟ್ಟಿದೀರಾ?"

ಹಿಂದಿನ ಬೆಂಚಿನಲ್ಲಿ ಅಪ್ಪ ಕೆಮ್ಮಿದ. ಪತ್ರ ಸಿಗುವ ಮೊದಲೇ ಮಾರುವ ಮಾತು ಕೊಟ್ಟವರಿಗೆ ಜಮೀನಿಲ್ಲ; ಅಪ್ಪ ಎದ್ದು ಒಂದು ಮಾತಾಡಿದರೆ ಐದು ವರ್ಷವೂ ಮಣ್ಣುಪಾಲು. ಬೋರ್ಗಿಲ್‌ಳ ಅಂಗೈ ಬೈಬಲ್ಲಿನ ರಟ್ಟಿಗೆ ಅಂಟಿಕೊಂಡಂತಿತ್ತು.

"ಇಲ್ಲ. ನಾನು ಯಾರಿಗೂ ಮಾತು ಕೊಟ್ಟಿಲ್ಲ."

ಕೆಮ್ಮು ನಿಂತಿತು. ಗುಮಾಸ್ತ ಬರೆದುಕೊಂಡ. ಅಸ್ಲಾಕ್ ಮುಂದೆ ಬಂದ.

ಅಸ್ಲಾಕ್‌ನಲ್ಲಿ ಕುಂದು ಬೇಕಾದಷ್ಟಿದ್ದವು, ಆದರೆ ಪ್ರಮಾಣ ಮಾಡಿ ಸುಳ್ಳು ಹೇಳುವುದು ಅವುಗಳಲ್ಲಿ ಇರಲಿಲ್ಲ. ಅವನ ಅಪ್ಪ ನಾರ್ವೆಯಲ್ಲಿ ಊರೂರು ಸುತ್ತಿ ಧರ್ಮ ಬೋಧಿಸಿದವನು. ಸುಳ್ಳುಸಾಕ್ಷಿಗೆ ಸಿಗುವ ನರಕದ ವರ್ಣನೆಯನ್ನು ಇವನು ಹಾಲಿನ ಜೊತೆಗೇ ಕುಡಿದಿದ್ದ. ಅದೇ ಪ್ರಶ್ನೆ ಬಂತು.

"ಕೈ ಕುಲುಕಿದೀನಿ," ಎಂದ.

ಎಂಡ್ರೆ ತಲೆ ಚಚ್ಚಿಕೊಂಡು, "ಅಯ್ಯೋ ಪುಣ್ಯಾತ್ಮ, ಇದನ್ನ ಯಾರಾದ್ರೂ ಇಲ್ಲಿ ಹೇಳ್ತಾರಾ?" ಎಂದು ಪಿಸುಗುಟ್ಟಿದ. ಇಡೀ ಕೋಣೆಗೆ ಕೇಳಿಸಿತು.

"ಯಾವ ಜಮೀನಿಗೆ?" ಎಂದ ಗುಮಾಸ್ತ. ಇದೊಂದು ಉತ್ತರ ಅವನಿಗೆ ಹೊಸದು.

"ನಂದಕ್ಕೆ. ಅವಳದಕ್ಕೂ."

"ಅವಳದಕ್ಕೆ ಮಾತು ಕೊಡೋಕೆ ನೀವು ಯಾರು?"

"ಅಪ್ಪ."

ಗುಮಾಸ್ತ ಹಾಳೆಯ ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿದ. "ಆ ಕಾಲಂ ಇಲ್ಲಿಲ್ಲ. ಅವಳದು ಅವಳು ಹೇಳಿದಹಾಗೆ. ನಿಮ್ಮದು ನಿಂತಿದೆ. ಆ ಮಾತು ಬಿಡಿಸಿಕೊಂಡು ಸಂಜೆಯೊಳಗೆ ಬನ್ನಿ. ಇಲ್ಲದಿದ್ರೆ ಅರ್ಜಿ ತಳ್ಳಿಹಾಕ್ಬೇಕಾಗುತ್ತೆ."

ಪೆಟ್ಟಿಬೋನ್ ಹೋಟೆಲಿನಲ್ಲಿ ಹಂದಿಮಾಂಸ ಕತ್ತರಿಸುತ್ತಾ ಕೂತಿದ್ದ. ಎಲ್ಲ ಕೇಳಿಕೊಂಡು ಬೋರ್ಗಿಲ್ ಕಡೆಗೆ ಚೂರಿ ತೋರಿಸಿದ. "ಇವ್ರದು ಬರದಿದ್ರೆ ನಿಮ್ಮದು ನಂಗೂ ಬೇಡ. ಬಾವಿಯಿಲ್ಲದ ಹೊಲ ಇಟ್ಕೊಂಡು ನಾನೇನು ಆಕಾಶ ನೋಡ್ಲಾ?"

ಅಸ್ಲಾಕ್ ಮಗಳ ಕಡೆ ತಿರುಗಿದ. ಅವನು ಅವಳನ್ನು ಏನನ್ನಾದರೂ ಕೇಳಿದ್ದು ಬಹುಶಃ ಅದೇ ಮೊದಲು.

"ಬೋರ್ಗಿಲ್, ನಿನ್ನ ಪತ್ರ ಕೈಗೆ ಬಂದಮೇಲೆ ಮಾರ್ಬಹುದು. ಆಗ ಯಾವ ಪ್ರಮಾಣಾನೂ ಅಡ್ಡ ಬರಲ್ಲ. ಹೂಂ ಅಂತೀಯಾ?"

ಹೂಂ ಎನ್ನುವುದು ಸುಲಭವಿತ್ತು. ಅಪ್ಪನ ಗಡ್ಡದಲ್ಲಿ ಧೂಳಿತ್ತು, ಕಣ್ಣು ಆಗಲೇ ಮೊಂಟಾನಾದಲ್ಲಿತ್ತು. ಹುಲ್ಲು ಕುದುರೆ ಹೊಟ್ಟೆ ಮುಟ್ಟುವುದನ್ನು ಅವಳೂ ಒಂದು ಗಳಿಗೆ ಕಂಡಳು. ಅದೇ ಅವಳನ್ನು ಹೆದರಿಸಿತು.

"ಊಹೂಂ, ಅಪ್ಪ. ನಾನು ಇಲ್ಲೇ ಇರ್ತೀನಿ."

"ಮದುವೆ ಗಿದುವೆ ಏನಾದ್ರೂ ಇದೆಯಾ? ಆ ಎಂಡ್ರೆ ಏನಾದ್ರೂ..."

"ಎಂಡ್ರೆನಾ? ಅವನಿಗೆ ಗಂಜಿ ಬಡಿಸ್ತೀನಿ, ಅಷ್ಟೇ."

ಕುಲುಕಿದ ಕೈಯನ್ನು ವಾಪಸು ಪಡೆಯುವುದು ಹೇಗೆಂದು ಅಸ್ಲಾಕ್‌ಗೆ ಗೊತ್ತಿರಲಿಲ್ಲ. ಕೈ ಚಾಚಿದ, ಹಿಂದಕ್ಕೆಳೆದುಕೊಂಡ, ಕೊನೆಗೆ ಪ್ಯಾಂಟಿಗೆ ಒರೆಸಿಕೊಂಡು ಹೊರಟ. ಪೆಟ್ಟಿಬೋನ್ ಮಾಂಸಕ್ಕೆ ಸಾಸಿವೆ ಹಚ್ಚಿಕೊಂಡ.

ಸಂಜೆಗೆ ಇಬ್ಬರಿಗೂ ಹಕ್ಕುಪತ್ರ ಬರುತ್ತದೆಂಬ ರಸೀತಿ ಸಿಕ್ಕಿತು. ನಡೆದದ್ದನ್ನೆಲ್ಲ ಗಾಡಿಯ ಹತ್ತಿರ ಎಂಡ್ರೆಯೇ ಗುರೋಗೆ ಹೇಳಿದ, ಅರ್ಧ ತನ್ನದೂ ಸೇರಿಸಿ. ಗುರೋ ಗಂಡನ ಕಡೆ ನೋಡಿದಳು.

"ಮುಂದಿನ ವಸಂತಕ್ಕೆ ಮೊಂಟಾನಾನ ಬರೀ ನೋಡ್ಕೊಂಡು ಬರ್ತೀನಿ," ಎಂದ ಅಸ್ಲಾಕ್.

"ಹೋಗ್ಬನ್ನಿ," ಎಂದಳು ಗುರೋ. "ಅಷ್ಟು ದೂರ ಹೋಗಿ ನೋಡದೆ ಬರ್ಬೇಡಿ. ನಾನಂತೂ ಬರಲ್ಲ. ಮಗಳ ಜಮೀನಲ್ಲಿ ಇರ್ತೀನಿ, ಅವಳು ಇಟ್ಕೊಂಡ್ರೆ."

ಇಷ್ಟು ವರ್ಷಗಳಲ್ಲಿ ಆ ಬಾಯಿಂದ "ಬರಲ್ಲ" ಎಂಬುದನ್ನು ಯಾರೂ ಕೇಳಿರಲಿಲ್ಲ. ಬೋರ್ಗಿಲ್ ಅಮ್ಮನ ಪಕ್ಕಕ್ಕೆ ಸರಿದು ಕೂತಳು. ಅಸ್ಲಾಕ್ ಗಾಡಿ ಹತ್ತಲಿಲ್ಲ. ಎತ್ತುಗಳ ಪಕ್ಕ ನಡೆದ. ಆಮೇಲೆ ಅವುಗಳ ಮುಂದೆ. ಆಮೇಲೆ ಬಹಳ ಮುಂದೆ, ಮುಳುಗುವ ಸೂರ್ಯನ ಕಡೆಗೆ, ಮೊಂಟಾನಾ ಇದ್ದ ದಿಕ್ಕಿಗೆ, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಾ.

ಪುಣ್ಯಕ್ಕೆ, ಮನೆಯೂ ಪಶ್ಚಿಮಕ್ಕೇ ಇತ್ತು.