ಬೆನ್ನು ಬಿದ್ದ ಫೋಟೋ

ಕನ್ನಡಕದಂಗಡಿಯ ಮೇಲಿನ ಕೋಣೆಗೆ ಹತ್ತುವ ಮರದ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ಹತ್ತುವವರ ಅಹಂಕಾರ ಅರ್ಧದಾರಿಯಲ್ಲೇ ಇಳಿದುಹೋಗುತ್ತಿತ್ತು. ಇಳಿಯದೆ ಮೇಲಿನವರೆಗೂ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದದ್ದು ಒಬ್ಬರದು ಮಾತ್ರ. ಅವರಿಗೆ ಅಲ್ಲಿ ಕತ್ತರಿ ಸಾರ್ ಎಂದು ಹೆಸರು.

ಪ್ರತಿ ಭಾನುವಾರ ಬೆಳಗ್ಗೆ ಆ ಕೋಣೆಯಲ್ಲಿ ಫೋಟೋ ಕೂಟ ಸೇರುತ್ತಿತ್ತು. ಹಲ್ಲು ಡಾಕ್ಟರು, ಬ್ಯಾಂಕಿನ ಮೇಡಂ, ಒಬ್ಬ ಟೈಲರು, ಇನ್ನೂ ನಾಲ್ಕಾರು ಜನ ತಾವು ತೆಗೆದ ಫೋಟೋಗಳನ್ನು ಪ್ರಿಂಟು ಹಾಕಿಸಿ ತರುವರು. ಅವನ್ನು ಒಂದೊಂದಾಗಿ ಸ್ಟ್ಯಾಂಡಿನ ಮೇಲೆ ಇಡುವುದು. ಯಾವುದು ಯಾರದೆಂದು ಯಾರೂ ಬಾಯಿ ಬಿಡುವಂತಿಲ್ಲ. ಉಳಿದವರು ಮೊದಲು ಒಂದು ಮೆಚ್ಚುಗೆ, ಆಮೇಲೆ ಒಂದು ತಪ್ಪು, ಕೊನೆಗೆ ಒಂದು ಸಲಹೆ ಹೇಳಬೇಕು. ಎಲ್ಲ ಮುಗಿದ ಮೇಲೆ, ಮರ್ಯಾದೆ ಅಷ್ಟಿಷ್ಟು ಉಳಿದಿದ್ದರೆ, ತೆಗೆದವರು ಕೈ ಎತ್ತಬಹುದು. "ಇಲ್ಲಿ ಕಟ್ಟುವ ಮಾತು, ಕುಟ್ಟುವ ಮಾತಲ್ಲ" ಎಂದು ಅಂಗಡಿಯವನು ಗೋಡೆಗೆ ಒಂದು ಬೋರ್ಡು ಹಾಕಿದ್ದ. ಕತ್ತರಿ ಸಾರ್ ಆ ಬೋರ್ಡಿಗೆ ಬೆನ್ನು ಹಾಕಿ ಕೂರುತ್ತಿದ್ದರು.

ಈ ನಿಯಮಗಳನ್ನು ಮಾಡಿದ್ದೇ ಅವರು. ಜೀವಮಾನವೆಲ್ಲ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಕರಡು ತಿದ್ದಿ ತಿದ್ದಿ ಮನುಷ್ಯ ಕರಡಿ ಆಗಿಬಿಟ್ಟರು ಎಂದು ಮನೆಯಾಕೆ ನಗುತ್ತಿದ್ದದ್ದುಂಟು. ರಿಟೈರಾದ ಮೇಲೆ ತಿದ್ದಲು ಅಕ್ಷರ ಸಿಗದೆ ಕೈ ಕಡಿಯತೊಡಗಿದಾಗ ಸಿಕ್ಕಿದ್ದು ಈ ಕೂಟ. ಬಡಗಿಯ ಮೂಲೆಮಟ್ಟದಂತೆ ಎಲ್ ಆಕಾರದ ಎರಡು ಕಪ್ಪು ರಟ್ಟಿನ ತುಂಡು ಸದಾ ಅವರ ಜೇಬಿನಲ್ಲಿ. ಫೋಟೋದ ಮೇಲೆ ಅವೆರಡನ್ನೂ ಎದುರುಬದುರು ಇಟ್ಟು, ಒತ್ತರಿಸುತ್ತ ಬಂದು, "ಇಷ್ಟು ಇಟ್ಕೊಳಿ, ಉಳಿದದ್ದು ಕಸ" ಎನ್ನುವರು. ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅವರ ಮಾತು ಕೇಳಿ ಫೋಟೋ ಸುಧಾರಿಸಿಕೊಂಡವರಿದ್ದರು. ಫೋಟೋ ತೆಗೆಯುವುದನ್ನೇ ಬಿಟ್ಟು ಸುಧಾರಿಸಿಕೊಂಡವರೂ ಇದ್ದರು.

ಬಿಟ್ಟವರಲ್ಲಿ ಮೊದಲನೆಯವರು ಅವರ ಹೆಂಡತಿ. ಮಗಳು ಚಿಕ್ಕವಳಿದ್ದಾಗ ಮನೆಯ ಕ್ಯಾಮೆರಾದಲ್ಲಿ ಆಕೆ ಆಸೆಯಿಂದ ಒಂದಷ್ಟು ಕ್ಲಿಕ್ಕಿಸಿದ್ದರು. ಪ್ರಿಂಟು ಬಂದಾಗ ಇವರು ಕೆಂಪು ಪೆನ್ನು ಹಿಡಿದು ಕೂತರು. ಇಲ್ಲಿ ಬೆರಳು ಅಡ್ಡ, ಇಲ್ಲಿ ಮಗುವಿನ ಕಾಲು ಮಾಯ, ಇಲ್ಲಿ ಮನೆಯೇ ವಾಲಿದೆ. ಆಕೆ ಜಗಳವಾಡಲಿಲ್ಲ. ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು, "ನೀವೇ ತೆಗೀರಿ, ಮನೆ ನೆಟ್ಟಗಿರಲಿ" ಎಂದಿದ್ದರು. ಅದಾದ ಮೇಲೆ ಆ ಮನೆಯ ಫೋಟೋಗಳೆಲ್ಲ ನೆಟ್ಟಗಿದ್ದವು. ಒಂದರಲ್ಲೂ ಯಜಮಾನರು ಇರಲಿಲ್ಲ. ತೆಗೆಯುವವರು ಅವರೊಬ್ಬರೇ ಅಲ್ಲವೇ.

ಆ ಭಾನುವಾರ ಹೆಂಡತಿ, "ಇವತ್ತು ನಾನೂ ಬರ್ತೀನಿ ಕಣ್ರೀ" ಎಂದಾಗ ಅವರಿಗೆ ಅಚ್ಚರಿ.

"ನಿಂಗೇನೇ ಅಲ್ಲಿ ಕೆಲಸ?"

"ನೀವು ಅಲ್ಲಿ ಅದೇನು ಮಾತಾಡ್ತೀರೋ, ಊರೆಲ್ಲ ಹೊಗಳುತ್ತೆ. ನಾನೂ ಒಂದ್ಸಲ ಕೇಳೋಣ ಅಂತ."

ಕತ್ತರಿ ಸಾರ್ ಉಬ್ಬಿಹೋದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದರು. ಚಳಿಯಿತ್ತು, ಮೇಲೊಂದು ಕಂದು ಸ್ವೆಟರ್. ಹೊರಡುವಾಗ ಬಾಗಿಲಲ್ಲಿ ಹೆಂಡತಿ ಅವರ ಮೊಣಕೈ ಹಿಡಿದು ಏನೋ ಹೇಳಲು ಹೋದರು. ಇವರು, "ಹೊತ್ತಾಯ್ತು ನಡಿ, ನಾನಿಲ್ದೆ ಅಲ್ಲಿ ಶುರುವಾಗಲ್ಲ" ಎಂದು ಮುಂದೆ ನಡೆದರು.

ಕೋಣೆಯಲ್ಲಿ ಅಂಗಡಿಯವನು, "ಬನ್ನಿ ಅಕ್ಕ, ಬನ್ನಿ ಭಾವ" ಎಂದು ಕುರ್ಚಿ ಹಾಕಿದ. ಆಕೆಯ ಕಣ್ಣಿಗೆ ಹತ್ತಿದ ಕನ್ನಡಕಗಳೆಲ್ಲ ಅವನ ಕೈಯಿಂದಲೇ ಹತ್ತಿದ್ದರಿಂದ ಆಕೆ ಅವನಿಗೆ ಅಕ್ಕ. ಅಕ್ಕನ ಗಂಡ ಭಾವ. ಹೆಂಡತಿ ಹಿಂದಿನ ಸಾಲಿನಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಚೀಲದ ಹಿಡಿಯನ್ನು ಸುತ್ತುತ್ತ, ಬಿಚ್ಚುತ್ತ ಇದ್ದರು.

ಮೊದಲು ಬಂದದ್ದು ಒಂದು ಸೂರ್ಯಾಸ್ತ. "ಸೂರ್ಯ ಮುಳುಗಿದ್ದಾನೆ, ಜೊತೆಗೆ ತೆಗೆದವರನ್ನೂ ಮುಳುಗಿಸಿದ್ದಾನೆ" ಎಂದರು ಕತ್ತರಿ ಸಾರ್. ನಗು ಎದ್ದಿತು. ಹೆಂಡತಿ ನಕ್ಕಳೇ ಎಂದು ಓರೆಗಣ್ಣಲ್ಲಿ ನೋಡಿಕೊಂಡರು. ಸಣ್ಣಗೆ ನಕ್ಕಿದ್ದರು. ಸಾರ್‌ಗೆ ಇನ್ನೂ ಹುರುಪು ಬಂತು.

ಮೂರನೆಯದೋ ನಾಲ್ಕನೆಯದೋ ಆಗಿ ಸ್ಟ್ಯಾಂಡ್ ಏರಿದ್ದು ಒಂದು ಕಪ್ಪುಬಿಳುಪು ಫೋಟೋ. ಕಿಟಕಿ. ಅದರ ಮುಂದೆ ಮೇಜಿನ ಮೇಲೆ ಬಗ್ಗಿ ಕೂತ ಒಬ್ಬ ಮನುಷ್ಯನ ಬೆನ್ನು. ಮುಖವಿಲ್ಲ. ಮೇಜಿನ ಎಡತುದಿಯಲ್ಲಿ ಒಂದು ಗಾಜಿನ ಲೋಟ. ಅದರಲ್ಲಿನ ನೀರಿಗೆ ಬೆಳಕು ಇಳಿದು ನಿಂತಿತ್ತು. ಲೋಟ ಸ್ಪಷ್ಟ, ಮನುಷ್ಯ ಮಸಕು.

ಆ ಬೆನ್ನು ಯಾರದೆಂದು ಅಲ್ಲಿದ್ದವರಿಗೆಲ್ಲ ಹೊಳೆದುಬಿಟ್ಟಿತ್ತು, ಬೆನ್ನಿನ ಒಡೆಯರೊಬ್ಬರನ್ನು ಬಿಟ್ಟು. ಅವರವರ ಬೆನ್ನು ಅವರವರಿಗೆ ಕಾಣುವುದಿಲ್ಲ ಎನ್ನುವುದು ಬರೀ ಗಾದೆಯಲ್ಲ. ಮನುಷ್ಯ ತನ್ನ ಮುಖಕ್ಕೆ ದಿನಾ ಕನ್ನಡಿ ಹಿಡಿಯುತ್ತಾನೆ, ಬೆನ್ನಿನ ಪರಿಚಯವೇ ಇಲ್ಲದೆ ಸಾಯುತ್ತಾನೆ.

"ಮೊದಲು ಮೆಚ್ಚುಗೆ ಅಲ್ವಾ?" ಎಂದು ಗಂಟಲು ಸರಿಮಾಡಿಕೊಂಡರು ಕತ್ತರಿ ಸಾರ್. "ಕಾಗದ ಚೆನ್ನಾಗಿದೆ."

ನಗು.

"ತಪ್ಪಿಗೆ ಬರೋಣ. ಈ ಮಹಾನುಭಾವ ಏನು ಮಾಡ್ತಿದಾನೆ? ಹೇನು ಹೆಕ್ತಿದಾನಾ? ಇಡೀ ಫೋಟೋದಲ್ಲಿ ಅತಿ ಹೆಚ್ಚು ಹೊಳೀತಿರೋದು ಇವನ ಬೋಳುತಲೆ. ನೋಡೋವರ ಕಣ್ಣು ಅಲ್ಲಿಗೆ ಹೋಗುತ್ತೆ, ಜಾರುತ್ತೆ, ಆಚೆ ಬೀಳುತ್ತೆ."

ಟೈಲರು ನಗು ತಡೆಯಲಾಗದೆ ಕರ್ಚೀಫು ಬಾಯಿಗೆ ಒತ್ತಿಕೊಂಡ. ಹಲ್ಲು ಡಾಕ್ಟರು ತಮ್ಮ ಹಲ್ಲು ಕಚ್ಚಿ ಹಿಡಿದಿದ್ದರು. ಇಷ್ಟು ಜೋರು ನಗು ಕೂಟದಲ್ಲಿ ಎಂದೂ ಎದ್ದಿರಲಿಲ್ಲ. ಇದೆಲ್ಲ ತಮ್ಮ ಮಾತಿನ ಮೋಡಿ ಎಂದುಕೊಂಡ ಸಾರ್ ಎದ್ದೇ ನಿಂತರು.

"ಇದರಲ್ಲಿ ಭಾವ ಇಲ್ಲ!"

"ಇದಾರೆ ಅನ್ಸುತ್ತೆ ಭಾವ" ಎಂದ ಅಂಗಡಿಯವನು, ಮೆಲ್ಲಗೆ. ಅದಕ್ಕೂ ಎಲ್ಲರೂ ನಕ್ಕರು. ನಿನ್ನ ಚೇಷ್ಟೆ ಇರಲಿ ಎಂಬಂತೆ ಸಾರ್ ಕೈ ಬೀಸಿದರು.

"ಫೋಕಸ್ ಹೋಗಿ ಲೋಟದ ಮೇಲೆ ಕೂತಿದೆ. ತೆಗೆದವರಿಗೆ ಕಣ್ಣು ಕಾಣಲ್ವೋ ಏನೋ. ಕೆಳಗೇ ಕನ್ನಡಕದಂಗಡಿ ಇದೆ, ಇಳಿದು ಹೋಗುವಾಗ ಒಂದು ಜೋಡಿ ತಗೊಂಡು ಹೋಗಲಿ. ಇನ್ನು ಇಲ್ಲಿ ನೋಡಿ, ಸ್ವೆಟರಿನ ಮೊಣಕೈ ತೂತು. ಒಳಗಿನ ಬಿಳಿ ಅಂಗಿ ಇಣುಕಿ ನಮಸ್ಕಾರ ಹೇಳ್ತಿದೆ. ಪಾಪ, ಈ ಮನುಷ್ಯನಿಗೆ ಮನೇಲಿ ದಿಕ್ಕು ದೆಸೆ ಯಾರೂ ಇಲ್ಲ ಅಂತ ಕಾಣುತ್ತೆ."

ಈ ಸಲ ಯಾರೂ ನಗಲಿಲ್ಲ. ಬ್ಯಾಂಕಿನ ಮೇಡಂ ತಲೆ ತಗ್ಗಿಸಿದರು. ಸಾರ್ ಹಿಂದಿನ ಸಾಲಿನತ್ತ ನೋಡಿದರು. ಹೆಂಡತಿಯ ಮುಖ ಸ್ಟ್ಯಾಂಡಿನ ಕಡೆಗೇ ಇತ್ತು. ಚೀಲದ ಹಿಡಿ ಸುತ್ತುವುದು ನಿಂತಿತ್ತು.

ಮಾತು ಎಲ್ಲೋ ಎಡವಿತು ಎನ್ನಿಸಿ ಸಾರ್ ಬೇಗ ಸಲಹೆಗೆ ಬಂದರು. ಕಪ್ಪು ರಟ್ಟು ತೆಗೆದು ಫೋಟೋದ ಮೇಲಿಟ್ಟು, ಬಲಗಡೆಯಿಂದ ಒತ್ತರಿಸುತ್ತ ಬಂದು, ಮನುಷ್ಯನನ್ನು ಪೂರ್ತಿ ಮುಚ್ಚಿದರು. ಉಳಿದದ್ದು ಕಿಟಕಿ, ಲೋಟ, ನೀರಿನಲ್ಲಿನ ಬೆಳಕು. "ನೋಡಿ, ಇವನನ್ನ ಕತ್ತರಿಸಿ ಎಸೀರಿ. ಫೋಟೋ ಬದುಕಿಕೊಳ್ಳುತ್ತೆ. ಎಲ್ಲಿ, ತೆಗೆದ ಪುಣ್ಯಾತ್ಮರು ಯಾರಪ್ಪ? ಕೈ ಎತ್ತಿ."

ಯಾರ ಕೈಯೂ ಮೇಲೇಳಲಿಲ್ಲ.

ಮನೆಗೆ ನಡೆಯುವಾಗ ತಿರುವಿನಲ್ಲಿ ಸಾರ್ ಕೇಳಿದರು, "ಹೇಗಿತ್ತೇ?"

"ಕಾಗದ ಚೆನ್ನಾಗಿತ್ತು" ಎಂದರು ಆಕೆ.

ಮನೆ ಸೇರಿ ಸಾರ್ ಸ್ವೆಟರ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಕೈ ತೊಳೆದು ಬಂದು ನೋಡಿದರೆ, ಜೋತುಬಿದ್ದ ತೋಳಿನ ಮೊಣಕೈಯಲ್ಲಿ ತೂತು. ತಾವು ಬೆರಳಿಟ್ಟು ತೋರಿಸಿದ್ದ ತೂತು, ಅದೇ ಗಾತ್ರ, ಅದೇ ಜಾಗ. ಪಕ್ಕದಲ್ಲಿ ಕಿಟಕಿ. ಕಿಟಕಿಯ ಕೆಳಗೆ ಮೇಜು.

ಕತ್ತರಿ ಸಾರ್ ತೂತಿನೊಳಗೆ ಬೆರಳು ತೂರಿಸಿ ನೋಡಿದರು.

ನೆನಪಾಯಿತು. ಕೆಲವು ವಾರದ ಹಿಂದೆ ಹೆಂಡತಿಯ ಕನ್ನಡಕದ ಕಡ್ಡಿ ಸಡಿಲಗೊಂಡು ಸ್ಕ್ರೂ ಕಳಚಿ ಬಿದ್ದಿತ್ತು. ಸಾಸಿವೆಯಷ್ಟು ಸ್ಕ್ರೂ. ಇವರು ನೆಲವೆಲ್ಲ ತಡವಿ ಅದನ್ನು ಹುಡುಕಿ, ಈ ಮೇಜಿನ ಮೇಲೆ ಬಗ್ಗಿ, ಸೂಜಿಯ ಮೊನೆಯಲ್ಲಿ ಕೂರಿಸಲು ಇಡೀ ಸಂಜೆ ಒದ್ದಾಡಿದ್ದರು. "ಬಿಡ್ರೀ, ಅಂಗಡಿಗೆ ಕೊಟ್ರಾಯ್ತು" ಎಂದಿದ್ದರು ಆಕೆ. "ಅಲ್ಲಿವರೆಗೆ ನೀನು ಕುರುಡಿ ಹಾಗೆ ಓಡಾಡ್ತೀಯಾ?" ಎಂದು ಇವರು ತಲೆಯೆತ್ತದೆ ಗದರಿದ್ದರು. ಹಿಂದೆ ಕೂತಿದ್ದ ಆಕೆ ಕನ್ನಡಕವಿಲ್ಲದ ಕಣ್ಣಲ್ಲಿ ಆ ಮಸಕು ಬೆನ್ನನ್ನು ಎಷ್ಟು ಹೊತ್ತು ನೋಡಿದರೋ. ಅಷ್ಟು ವರ್ಷದ ಮೇಲೆ ಆಕೆಗೆ ಫೋಟೋ ತೆಗೆಯಬೇಕೆನಿಸಿದ್ದು ಆ ಗಳಿಗೆಯಲ್ಲಿ.

ಮರುದಿನ ಸಾರ್ ಕನ್ನಡಕದಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತರು.

"ನಿನಗೆ ಗೊತ್ತಿತ್ತಲ್ಲೋ! ನನ್ನ ಬಾಯಿ ಮುಚ್ಚಿಸೋಕೆ ಆಗ್ತಿರ್ಲಿಲ್ವಾ?"

"ತೆಗೆದವರು ಯಾರು ಅಂತ ಬಾಯಿಬಿಟ್ರೆ ಕೂಟದಿಂದ ಆಚೆ ಅಂತ ನಿಯಮ ಮಾಡಿದ್ದು ಯಾರು ಭಾವ?" ಎಂದ ಅವನು, ಷಟರ್ ಎತ್ತುತ್ತ. ಆಮೇಲೆ ದನಿ ಇಳಿಸಿದ. "ತಪ್ಪು ನಂದೂ ಇದೆ. ಅಕ್ಕ ಫೋನು ತೋರಿಸಿ, 'ಇದನ್ನ ಅವರಿಗೆ ತೋರಿಸ್ಲೇನೋ, ಬೈತಾರೇನೋ' ಅಂದ್ರು. ನಾನೇ ಕೂಟದಲ್ಲಿ ಇಡೋಣ, ಹೆಸರು ಗೊತ್ತಿಲ್ದಿದ್ರೆ ಬಾಯ್ತುಂಬ ಹೊಗಳ್ತಾರೆ, ಆಗ ಕೈ ಎತ್ತಿ ಅಂತ ಹುರಿದುಂಬಿಸಿದೆ. ನಿಮ್ಮನ್ನ ನೀವು ಗುರುತು ಹಿಡೀದೇ ಇರ್ತೀರಾ ಅಂತ ಯಾರಿಗೆ ಗೊತ್ತಿತ್ತು?"

"ಫೋಟೋ ಎಲ್ಲಿ?"

"ನಿನ್ನೇನೇ ಅಕ್ಕ ಚೀಲದಲ್ಲಿ ಹಾಕ್ಕೊಂಡ್ರಲ್ಲ."

ದಾರಿಯಲ್ಲಿ ಅವರು ಮಾತು ಜೋಡಿಸಿಕೊಂಡರು. ಮೆಚ್ಚುಗೆ ಮೊದಲು. ತಪ್ಪು ಇಲ್ಲವೇ ಇಲ್ಲ. ಸಲಹೆಯಂತೂ ಸುಡಲಿ. ಆದರೆ ಬಾಗಿಲು ದಾಟಿದ ಕೂಡಲೇ ಕಂಡದ್ದು, ಪುಸ್ತಕದ ಶೆಲ್ಫಿನ ಮೇಲೆ ಹಳೆಯ ಚೌಕಟ್ಟಿನಲ್ಲಿ ಹೊಸ ಫೋಟೋ. ಕಿಟಕಿ, ಲೋಟ, ನೀರಿನಲ್ಲಿ ಬೆಳಕು. ರಟ್ಟು ಎಲ್ಲಿ ನಿಂತಿತ್ತೋ ಕರೆಕ್ಟಾಗಿ ಅಲ್ಲಿಗೇ ಕತ್ತರಿ ಬಿದ್ದಿತ್ತು.

"ನೀವು ಹೇಳಿದ್ದು ಸರಿ ಕಣ್ರೀ" ಎಂದರು ಹೆಂಡತಿ, ಟವೆಲು ಮಡಚುತ್ತ. ದನಿಯಲ್ಲಿ ಕೊಂಕಿರಲಿಲ್ಲ. "ಕತ್ತರಿಸಿದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ."

ಚೆನ್ನಾಗಿಯೇ ಇತ್ತು. ಕೊಂಕಾಡಿದ್ದರೆ ಅವರು ಕಾಲು ಹಿಡಿದಾದರೂ ಕ್ಷಮೆ ಕೇಳಬಹುದಿತ್ತು. ತಮ್ಮ ಸಲಹೆ ನಿಜಕ್ಕೂ ಸರಿಯಾಗಿತ್ತೆಂಬುದೇ ಅವರಿಗೆ ನುಂಗಲಾಗದ ತುತ್ತಾಯಿತು.

"ಅದು ನಾನು ಅಂತ ಗೊತ್ತಾಗ್ಲಿಲ್ಲ ಕಣೇ."

"ಗೊತ್ತಾಗಿದ್ರೆ ಹೊಗಳ್ತಿದ್ರೇನು?"

ಅವರು ಚೌಕಟ್ಟನ್ನು ಕೈಗೆತ್ತಿಕೊಂಡರು. "ಉಳಿದ ತುಂಡು ಎಲ್ಲಿ?"

"ಕಸದ ಗಾಡಿ ಬೆಳಗ್ಗೇನೇ ಬಂದು ಹೋಯ್ತಲ್ಲ."

"ಫೋನಲ್ಲಿ ಇರಬೇಕು?"

"ಅಳಿಸಿದೆ. ಸರಿ ಬರದಿದ್ದನ್ನ ಇಟ್ಕೊಂಡು ಪೂಜೆ ಮಾಡಬೇಕಾ ಅಂತ ನೀವೇ ಅಂತಿರ್ತೀರಲ್ಲ."

ಮುಂದಿನ ಭಾನುವಾರ ಕತ್ತರಿ ಸಾರ್ ಕೂಟಕ್ಕೆ ಹೋಗಲಿಲ್ಲ. ಅಂದು ಅವರು ಮಾಡಿದ ಕೆಲಸ ಬೇರೆ. ಹೆಂಡತಿ ಸ್ನಾನಕ್ಕೆ ಹೋದಾಗ ಆಕೆಯ ಕನ್ನಡಕ ಎತ್ತಿಕೊಂಡು, ಕಡ್ಡಿಯ ಸ್ಕ್ರೂವನ್ನು ತಾವೇ ಸಡಿಲ ಮಾಡಿಟ್ಟರು. ಜೀವನವೆಲ್ಲ ತಿದ್ದಿದ ಕೈ ಮೊದಲ ಸಲ ಬೇಕೆಂದೇ ಒಂದನ್ನು ಕೆಡಿಸಿತ್ತು.

ಸಂಜೆ ಕಡ್ಡಿ ಕಳಚಿತು. "ಅಯ್ಯೋ, ಮತ್ತೆ ಬಿತ್ತಲ್ರೀ" ಎಂದರು ಆಕೆ.

"ತಾ ಇಲ್ಲಿ" ಎಂದು ಅವರು ಅದೇ ಕಂದು ಸ್ವೆಟರ್ ಹಾಕಿಕೊಂಡು ಕಿಟಕಿಯ ಮುಂದೆ ಬಗ್ಗಿದರು. ಎಡಕ್ಕೆ ಒಂದು ಲೋಟ ನೀರು ಇಟ್ಟುಕೊಂಡರು. ಹೆಂಡತಿ ಹಿಂದಿನ ಕುರ್ಚಿಯಲ್ಲಿ ಕೂತದ್ದು ಕೇಳಿಸಿತು, ಪಕ್ಕಕ್ಕೆ ಫೋನು ಇಟ್ಟದ್ದೂ ಕೇಳಿಸಿತು. ಮೊಣಕೈ ಕಾಣುವಂತೆ ತುಸು ತಿರುಗಿಸಿ ಕೂತರು. ಆಗ ಕಣ್ಣಿಗೆ ಬಿತ್ತು: ತೂತು ಇರಲಿಲ್ಲ. ಕಂದು ದಾರದಲ್ಲಿ, ಹುಡುಕಿದರೂ ಸಿಗದಷ್ಟು ಚೊಕ್ಕಟವಾಗಿ, ಅದನ್ನು ಹೆಣೆದು ಮುಚ್ಚಲಾಗಿತ್ತು.

ಅವರು ಸ್ಕ್ರೂ ಕೂರಿಸಿದರು, ತೆಗೆದರು, ಮತ್ತೆ ಕೂರಿಸಿದರು. ಬೆಳಕು ಲೋಟದಿಂದ ಮೆಲ್ಲನೆ ಇಳಿದುಹೋಗುತ್ತಿತ್ತು. ಕುತ್ತಿಗೆ ನೋಯಿತು, ಆದರೂ ತಿರುಗಲಿಲ್ಲ. ಕೊನೆಗೆ ಬೆನ್ನ ಹಿಂದೆ 'ಕ್ಲಿಕ್' ಎಂಬ ಸದ್ದಾಯಿತು. ಅವರು ಉಸಿರು ಬಿಗಿಹಿಡಿದರು.

ಕೋಣೆಯ ತುಂಬ ಬೆಳಕಾಯಿತು. ಹೆಂಡತಿ ದೀಪ ಹಾಕಿದ್ದರು.

"ಕತ್ತಲಲ್ಲಿ ಅದೇನು ಕಾಣುತ್ತೆ ನಿಮಗೆ?"

"ಒಂದು ಫೋಟೋ ತೆಗೀತೀಯೇನೇ?" ಅವರು ತಿರುಗದೆಯೇ ಕೇಳಿದರು. "ಹೇಗೆ ಬಂದ್ರೂ ಪರವಾಗಿಲ್ಲ. ನಾನು ಏನೂ ಹೇಳಲ್ಲ."

"ಕನ್ನಡಕ ಇಲ್ದೆ ತೆಗೆದ್ರೆ ಫೋಕಸ್ ಸಿಗಲ್ಲ ಕಣ್ರೀ. ಮೊದಲು ಅದನ್ನ ಸರಿ ಮಾಡಿ ಕೊಡಿ."

ಅವರು ಸರಿ ಮಾಡಿ ಕೊಟ್ಟರು. ಆಕೆ ಹಾಕಿಕೊಂಡು, ಗಂಡನನ್ನು ಮೇಲಿಂದ ಕೆಳಗಿನವರೆಗೂ ಸ್ಪಷ್ಟವಾಗಿ ನೋಡಿದರು. ಹತ್ತಿರ ಬಂದು ಮೊಣಕೈ ಹಿಡಿದು ಹೆಬ್ಬೆರಳಲ್ಲಿ ಹೆಣಿಗೆಯನ್ನು ಸವರಿದರು. "ಬಿಟ್ಟಿಲ್ಲ ತಾನೇ? ಸದ್ಯ" ಎಂದರು. ಆಮೇಲೆ ಟೀಗೆ ನೀರಿಡಲು ಒಳಗೆ ಹೋದರು.

ಫೋನು ಕುರ್ಚಿಯ ಮೇಲೆ, ಬೋರಲು, ಹಾಗೇ ಇತ್ತು.