ಮಲಬಾರು ಎಲ್ಲಿಂದ ಶುರು

ಹರದನಹಳ್ಳಿಯ ಶಾಂತಮಲ್ಲಪ್ಪನವರು ಒಮ್ಮೆ ಕಲ್ಲಿಕೋಟೆಗೆ ಹೋಗಿದ್ದರು. ಬೆಲ್ಲದ ಲಾರಿಯಲ್ಲಿ ಹೋಗಿ, ಅಲ್ಲಿ ಜ್ವರ ಹಿಡಿದು, ಮಂಡಿಯ ಹಿಂದಿನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿ, ಅದೇ ಲಾರಿಯಲ್ಲಿ ವಾಪಸು ಬಂದಿದ್ದರು. ಸಮುದ್ರ ನೋಡಲಿಲ್ಲ. ಆದರೆ ಸಮುದ್ರವನ್ನು ಅಷ್ಟು ಹತ್ತಿರದಿಂದ ನೋಡದೆ ಬಂದವರು ಊರಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ, ಕರಾವಳಿಯ ವಿಷಯದಲ್ಲಿ ಅವರದೇ ಕೊನೆಯ ಮಾತು.

ಐವತ್ತೈದನೇ ಇಸವಿಯಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವ ಸುದ್ದಿ ಪತ್ರಿಕೆಗಳ ತುಂಬ ಬಂತು. ಮಲಬಾರು ಯಾರಿಗೆ, ಎಲ್ಲಿಯವರೆಗೆ ಎಂದು ದೆಹಲಿಯ ದೊಡ್ಡವರು ತಲೆ ಕೆಡಿಸಿಕೊಂಡಿರುವಾಗ ಹರದನಹಳ್ಳಿ ಸುಮ್ಮನೆ ಕೂರುವುದು ಶಾಂತಮಲ್ಲಪ್ಪನವರಿಗೆ ಸರಿ ಕಾಣಲಿಲ್ಲ. ಜಗಲಿಯ ಮೇಲೆ ಕುಳಿತು ತೀರ್ಮಾನ ಕೊಟ್ಟರು.

"ಸಮುದ್ರ ಇರೋ ಜಾಗ್ವೇ ಕರಾವಳಿ ಅಂದ್ಕಂಡವ್ರು ದಡ್ರು ಕಣ್ಲಾ. ಒಣಮೀನಿನ ವಾಸ್ನೆ ಎಲ್ಲಿಗಂಟ ಬತ್ತದೋ ಅಲ್ಲಿಗಂಟ ಮಲಬಾರು."

ದೆಹಲಿಗೆ ಇದು ತಲುಪಲಿಲ್ಲ. ತಮ್ಮ ಮರಿಮಲ್ಲಪ್ಪನಿಗೆ ತಲುಪಿತು. ಮರಿಮಲ್ಲಪ್ಪನ ಮಗಳು ಗುರುಮಲ್ಲಮ್ಮನಿಗೆ ಆಗಷ್ಟೇ ಗುಂಡ್ಲುಪೇಟೆಯ ಬೆಲ್ಲದ ವ್ಯಾಪಾರಿ ನೀಲಕಂಠಸ್ವಾಮಿಯ ಸಂಬಂಧ ಬಂದಿತ್ತು. ಹುಡುಗನ ಕುಲ, ಹೊಲ, ಹಲ್ಲು ಎಲ್ಲವೂ ನೆಟ್ಟಗಿದ್ದವು. ಮನೆ ಮಾತ್ರ ಕಲ್ಲಿಕೋಟೆ ರಸ್ತೆಯ ಮೇಲಿತ್ತು. ಮೀನಿನ ಲಾರಿಗಳು ಅದರ ಬಾಗಿಲ ಮುಂದೆಯೇ ಹಾಯುತ್ತಿದ್ದವು. ಅಲ್ಲಿಗೆ ಗುಂಡ್ಲುಪೇಟೆ ಮಲಬಾರಿಗೆ ಸೇರಿತು. ಲಿಂಗ ಕಟ್ಟಿದ ಮನೆಯ ಹೆಣ್ಣನ್ನು ಕರಾವಳಿಗೆ ಕೊಡುವುದುಂಟೆ ಎಂದು ಶಾಂತಮಲ್ಲಪ್ಪನವರು ಕೇಳಿದರು. ಅವರ ಹೆಂಡತಿಯ ಅಣ್ಣನ ಮಗನೊಬ್ಬ ಚಾಮರಾಜನಗರದಲ್ಲಿ ಯಾವ ಕೆಲಸವೂ ಹತ್ತದೆ, ಯಾವ ಹೆಣ್ಣೂ ಒಪ್ಪದೆ ಕೂತಿದ್ದ. ಆ ಊರು ಒಳನಾಡಿನಲ್ಲೇ ಇರುವುದಾಗಿ ಅವರು ಆಗಲೇ ಖಚಿತಪಡಿಸಿಕೊಂಡಿದ್ದರು.

ಅಣ್ಣನ ಮಾತು ಮೀರದ ಮರಿಮಲ್ಲಪ್ಪ ಹರದನಹಳ್ಳಿಗೂ ಗುಂಡ್ಲುಪೇಟೆಗೂ ನಡುವಿನ ತೆರಕಣಾಂಬಿಯಲ್ಲಿ, ನೆಂಟರಾದ ಪುಟ್ಟಮಾದಯ್ಯನ ಮನೆಯಲ್ಲಿ ಮಾತುಕತೆಗೆ ಏರ್ಪಾಡು ಮಾಡಿದ. ನೀಲಕಂಠಸ್ವಾಮಿ ತಾಯಿ ದೊಡ್ಡಮಲ್ಲಮ್ಮನೊಂದಿಗೆ ಬಂದ. ಗುರುಮಲ್ಲಮ್ಮ ಒಳಗಿನ ಕೋಣೆಯಲ್ಲಿ ಕೂತಿದ್ದಳು.

ಶಾಂತಮಲ್ಲಪ್ಪನವರು ಆಕ್ಷೇಪಣೆ ಎತ್ತಿದ ಕೂಡಲೇ ದೊಡ್ಡಮಲ್ಲಮ್ಮ ಎಲೆ ಮಡಿಸುವುದನ್ನು ನಿಲ್ಲಿಸಿದರು.

"ನಮ್ಮೂರು ಮಲಬಾರಾ? ಬಂಡೀಪುರದ ಕಾಡು ಅಡ್ಡ ಅದಲ್ಲ, ಆನೆಗಳ್ನೆಲ್ಲ ದಾಟ್ಕಂಡು ಸಮುದ್ರ ಯಾವಾಗ ಬಂತು?"

"ಸಮುದ್ರ ಬರದು ಬ್ಯಾಡ ಕಣವ್ವ. ವಾಸ್ನೆ ಬಂದ್ರೆ ಸಾಕು."

ಅಂದು ತೆರಕಣಾಂಬಿಯ ಸಂತೆ. ಬೀದಿಯಲ್ಲಿ ಯಾರೋ ಮೀನಿನ ಬುಟ್ಟಿ ಇಳಿಸಿರಬೇಕು, ಒಂದು ಬೀಸುಗಾಳಿಗೆ ವಾಸನೆ ನಡುಮನೆ ತುಂಬಿಕೊಂಡಿತು. ಪುಟ್ಟಮಾದಯ್ಯ, ಮನೆಯ ಯಜಮಾನನಿಗೆ ತಕ್ಕ ವಿನಯದಿಂದ, "ಅಂಗಾರೆ ನಾನೂವೆ ಕರಾವಳಿಯೋನಾ?" ಎಂದು ಕೇಳಿದ.

ಗಾಳಿ ಇವತ್ತು ತಪ್ಪು ದಿಕ್ಕಿನಿಂದ ಬರುತ್ತಿದೆ ಎಂದು ಹೇಳಿ ಶಾಂತಮಲ್ಲಪ್ಪನವರು ವಾಸನೆಯನ್ನು ಕೈಬಿಟ್ಟು ಎಣ್ಣೆಗೆ ಹೋದರು. ಕೊಬ್ಬರಿ ಎಣ್ಣೆಯ ಒಗ್ಗರಣೆ ಹಾಕುವ ಮನೆಯೇ ಮಲಬಾರು. ದೊಡ್ಡಮಲ್ಲಮ್ಮ ತಮ್ಮ ಮನೆಯಲ್ಲಿ ಹುಚ್ಚೆಳ್ಳೆಣ್ಣೆ ಬಿಟ್ಟು ಬೇರೆ ಎಣ್ಣೆ ಒಲೆ ಕಂಡಿಲ್ಲ ಎಂದರು. ಶಾಂತಮಲ್ಲಪ್ಪನವರು ಛತ್ರಿಗೆ ಹೋದರು. ಮಳೆ ಇಲ್ಲದಾಗಲೂ ಛತ್ರಿ ಹಿಡಿಯುವವರು ಕರಾವಳಿಯವರೇ, ಹುಡುಗ ಹಿಡಿದುಕೊಂಡು ಬಂದಿದ್ದನ್ನು ನಾನೇ ಕಂಡಿದ್ದೇನೆ ಎಂದರು. ಪಕ್ಕದಲ್ಲಿ ಕೂತಿದ್ದ ಮರಿಮಲ್ಲಪ್ಪ ತನ್ನ ಛತ್ರಿಯನ್ನು ಮೆಲ್ಲಗೆ ಚಾಪೆಯ ಕೆಳಗೆ ಸರಿಸಿದ.

ಆಗ ಕೋಣೆಯ ಬಾಗಿಲಿಗೆ ಗುರುಮಲ್ಲಮ್ಮ ಬಂದು ನಿಂತಳು.

"ದೊಡ್ಡಪ್ಪ, ಗುಂಡ್ಲುಪೇಟೆ ಕರಾವಳಿನೇ ಆದ್ರೆ ನಂಗೆ ಒಪ್ಗೆ. ನಾನು ಸಮುದ್ರ ನೋಡ್ಬೇಕು."

"ಅಲ್ಲೆಲ್ಲಿ ಸಮುದ್ರ ಅದೆ ಕಣಮ್ಮಿ?" ಎಂದುಬಿಟ್ಟರು ಶಾಂತಮಲ್ಲಪ್ಪನವರು.

ದೊಡ್ಡಮಲ್ಲಮ್ಮ ಮತ್ತೆ ಎಲೆ ಮಡಿಸತೊಡಗಿದರು. "ಸಮುದ್ರ ಇಲ್ಲ ಅಂದ್ಮೇಕೆ ಕರಾವಳಿ ಅಲ್ಲ. ಕರಾವಳಿ ಅಲ್ಲ ಅಂದ್ಮೇಕೆ ಎಣ್ಣು ಕೊಡಕೇನು ಅಡ್ಡಿ?"

ಮದುವೆ ಆಯಿತು. ಶಾಂತಮಲ್ಲಪ್ಪನವರು ಮುಂದಿನ ಸಾಲಿನಲ್ಲಿ ಕೂತು ಉಂಡರು, ಒಗ್ಗರಣೆಯನ್ನು ಮಾತ್ರ ಎರಡು ಸಲ ಮೂಸಿ ನೋಡಿದರು.

ಗುರುಮಲ್ಲಮ್ಮ ಬಾಗಿಲಲ್ಲಿ ಹೇಳಿದ್ದು ದೊಡ್ಡಪ್ಪನ ಬಾಯಿ ಮುಚ್ಚಿಸಲಷ್ಟೇ ಎಂದು ನೀಲಕಂಠಸ್ವಾಮಿ ತಿಳಿದಿದ್ದ. ಆದರೆ ಅವಳು ಪ್ರತಿ ಬೆಲ್ಲದ ಲಾರಿ ಹೊರಡುವಾಗಲೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬೇಸಗೆ ಕಳೆಯುವ ಮುಂಚೆ ಅವನೇ "ಓಗನ ಬಾ" ಎಂದ. ದೊಡ್ಡಮಲ್ಲಮ್ಮ ರೊಟ್ಟಿ ಕಟ್ಟಿಕೊಟ್ಟರು.

ದಾರಿಯುದ್ದಕ್ಕೂ ಗುರುಮಲ್ಲಮ್ಮ ಮಲಬಾರು ಬಂತಾ ಎಂದು ಕೇಳುತ್ತ ಹೋದಳು. ಕಾಡು ದಾಟಿದ ಮೇಲೆ ಸಿಕ್ಕ ಬತ್ತೇರಿಯ ಚಹಾದಂಗಡಿಯವನು ಇದು ವಯನಾಡು, ಮಲಬಾರು ಘಟ್ಟದ ಕೆಳಗೆ ಎಂದ. ಘಟ್ಟ ಇಳಿದರೆ ಅಲ್ಲಿಯವರು ನಾವು ಘಟ್ಟದ ಬುಡದವರು, ಮಲಬಾರಿನವರು ಕಡಲ ಮಗ್ಗುಲಲ್ಲಿ ಇರುವವರು ಎಂದರು. ಕಲ್ಲಿಕೋಟೆಯ ಮಂಡಿ ಸಾಹುಕಾರ, ನಿಜವಾದ ಮಲಬಾರು ನೋಡಬೇಕಾದರೆ ಇನ್ನೂ ಉತ್ತರಕ್ಕೆ ಕಣ್ಣನೂರಿಗೆ ಹೋಗಬೇಕೆಂದು ಸಲಹೆ ಕೊಟ್ಟ. ಪತ್ರಿಕೆಗಳಲ್ಲಿ ಅಷ್ಟೊಂದು ಜನ ಬಡಿದಾಡುತ್ತಿದ್ದ ನಾಡಿನಲ್ಲಿ ವಾಸವಾಗಿರಲು ಯಾರಿಗೂ ಮನಸ್ಸಿದ್ದಂತೆ ಕಾಣಲಿಲ್ಲ.

ಸಮುದ್ರ ಮಾತ್ರ ಇದ್ದ ಜಾಗದಲ್ಲೇ ಇತ್ತು. ಗುರುಮಲ್ಲಮ್ಮ ಅದರ ಅಂಚಿಗೆ ಹೋಗಿ ನಿಂತಳು. ನೀರು ಕಾಲಿಗೆ ಬಂದಾಗ ಹಿಂದೆ ಸರಿದಳು, ಇನ್ನೊಮ್ಮೆ ಬಂದಾಗ ಸರಿಯಲಿಲ್ಲ. ಸೀರೆ ಮೊಣಕಾಲವರೆಗೆ ನೆನೆಯಿತು.

"ಸಾಕಾ?" ಎಂದ ನೀಲಕಂಠಸ್ವಾಮಿ.

"ಇನ್ನೊಂಚೂರು ಇರನ," ಎಂದಳು. ಅವನೂ ಚಪ್ಪಲಿ ಕಳಚಿ ಪಕ್ಕದಲ್ಲಿ ಬಂದು ನಿಂತ. ಇಷ್ಟು ವರ್ಷ ಇಲ್ಲಿಗೆ ಬೆಲ್ಲ ತಂದು, ಲೆಕ್ಕ ಮುಗಿಸಿ ಹೊರಟುಹೋಗುತ್ತಿದ್ದವನು ಒಮ್ಮೆಯೂ ನೀರಿಗೆ ಇಳಿದಿರಲಿಲ್ಲ. ಅದನ್ನು ಹೆಂಡತಿಗೆ ಹೇಳಲು ನಾಚಿಕೆಯಾಯಿತು.

ಐವತ್ತಾರರ ನವೆಂಬರಿನಲ್ಲಿ ಹೊಸ ರಾಜ್ಯಗಳು ಬಂದವು. ವಯನಾಡು ಕೇರಳಕ್ಕೆ ಹೋಯಿತು, ಗುಂಡ್ಲುಪೇಟೆ ಮೈಸೂರಿನಲ್ಲೇ ಇದ್ದಂತೆ ಇತ್ತು. ದೆಹಲಿಯವರು ಕೊನೆಗೂ ತಮ್ಮ ಮಾತು ಕೇಳಿದರೆಂದು ಶಾಂತಮಲ್ಲಪ್ಪನವರು ಜಗಲಿಯ ಮೇಲೆ ಸಮಾಧಾನದಿಂದ ಹೇಳಿದರು. ಅದು ಅವರು ಹೇಳಿದ್ದಕ್ಕೆ ಪೂರ್ತಿ ವಿರುದ್ಧವಾಗಿತ್ತು ಎಂಬುದನ್ನು ಯಾರೂ ನೆನಪಿಸಲಿಲ್ಲ. ಮರುವರ್ಷ ಅವರ ಸ್ವಂತ ಮಗಳಿಗೆ ಗುಂಡ್ಲುಪೇಟೆಯ ಒಂದು ದೊಡ್ಡ ಮನೆಯಿಂದ, ಇನ್ನೂ ಹೆಚ್ಚು ಹೊಲವಿರುವ ಹುಡುಗನ ಸಂಬಂಧ ಬಂತು. ಮೀನಿನ ಲಾರಿಗಳು ಆ ಮನೆಯ ಎದುರೇ ನಿಂತು ಗಾಳಿ ತುಂಬಿಸಿಕೊಳ್ಳುತ್ತಿದ್ದವು.

"ಒಳ್ಳೆ ಗಾಳಿ ಬೆಳಕಿರೋ ಮನೆ ಕಣ," ಎಂದು ಶಾಂತಮಲ್ಲಪ್ಪನವರು ತಮ್ಮನಿಗೆ ಹೇಳಿ, ಎಲೆ ಅಡಿಕೆ ಕೊಟ್ಟು ಮಾತು ಮುಗಿಸಿ ಬಂದರು.